ಮೇಲ್ಮಣ್ಣಿಗೆ ಸೈರನ್ ಇಲ್ಲ

ಕಳೆದ ಡಿಸೆಂಬರಿನ ಒಂದು ಮಧ್ಯಾಹ್ನ. ಊಟ ಮುಗಿಸಿ ಅಮ್ಮ ಜಗುಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಗೋಡೆಗೆ ಒರಗಿ ಕಾಲು ಚಾಚಿದ್ದೆ. ಕಾವಿ ನೆಲಕ್ಕೆ ತಾಗಿದ್ದ ಹಿಮ್ಮಡಿಗೆ ಒಂದು ಸಣ್ಣ ಅದುರು ಗೊತ್ತಾಯಿತು, ಬೆಕ್ಕು ಅಟ್ಟದಿಂದ ಹಾರಿದಷ್ಟೂ ಇಲ್ಲ. ಬಾಯಿ ತಂತಾನೇ ಎಣಿಸತೊಡಗಿತು: ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ಸರಿಯಾಗಿ ಗುಡ್ಡದಾಚೆಯಿಂದ ಧಡಂ ಅಂತ ಸದ್ದು ಬಂತು. ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಅಮ್ಮ ಕತ್ತಿಯಿಂದ ಕಣ್ಣು ತೆಗೆಯದೆ “ಬಂಡೆ ಒಡೆದ್ರು” ಅಂದಳು. ಸುಲಿದ ಅಡಿಕೆ ಬುಟ್ಟಿಗೆ ಬಿತ್ತು.

ಎಣಿಸಿದ್ದು ಹಳೇ ಕೆಲಸದ ಅಭ್ಯಾಸ. ಸ್ಫೋಟದ ಅಲೆ ನೆಲದೊಳಗೆ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಓಡುತ್ತದೆ, ಹಾಗಾಗಿ ಮೊದಲು ಹಿಮ್ಮಡಿಗೆ ತಾಗುತ್ತದೆ. ಗಾಳಿಯಲ್ಲಿ ಬರುವ ಸದ್ದು ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಿಧಾನಕ್ಕೆ ಹಿಂದೆ ಬರುತ್ತದೆ. ನಾಲ್ಕು ಸೆಕೆಂಡು ಅಂದರೆ ಕ್ವಾರಿ ನಮ್ಮ ಮನೆಯಿಂದ ಒಂದು ಮೈಲಿಯೂ ಇಲ್ಲ, 1.4 ಕಿಲೋಮೀಟರ್ ಇರಬಹುದು. ಲೋಟ ಅಲುಗಿಸಿದ್ದು ಕೂಡ ನೆಲದ ಅದುರಲ್ಲ, ಗಾಳಿಯ ಒತ್ತಡ. ಅದನ್ನು ಅಮ್ಮನಿಗೆ ಹೇಳಲು ಬಾಯಿ ತೆರೆದವಳು ಎದುರಿನ ಗೋಡೆ ನೋಡಿ ಸುಮ್ಮನಾದೆ. ಕಿಟಕಿಯ ಮೂಲೆಯಿಂದ ಮೇಲಕ್ಕೆ, ಓರೆಯಾಗಿ, ಕೂದಲೆಳೆಯಂಥ ಒಂದು ಬಿರುಕು.

“ಅಮ್ಮ, ಇದು ಮೊದಲಿಂದ ಇತ್ತಾ?”

“ಇತ್ತೇನೋ ಮಾರಾಯ್ತಿ. ಯಾರು ನೋಡಿದ್ದಾರೆ?”

ಆ ಮಾತು ಆವತ್ತಿನಿಂದ ತಲೆ ಬಿಟ್ಟು ಹೋಗಿಲ್ಲ. ಇದೇ ಮಾತನ್ನು ಇಲ್ಲಿಂದ ಬಹಳ ದೂರದ ಇನ್ನೊಂದು ಅಂಗಳದಲ್ಲಿ, ಇನ್ನೊಂದು ಭಾಷೆಯಲ್ಲಿ ಕೇಳಿಸಿಕೊಂಡಿದ್ದೆ. ಆವತ್ತು ಉತ್ತರ ಕೊಡಬೇಕಾದವಳು ನಾನಾಗಿದ್ದೆ.

ಎರಡು ಭದ್ರಾವತಿ

ಶಂಕರಘಟ್ಟದಲ್ಲಿ ಭೂವಿಜ್ಞಾನ ಓದಿ ಮುಗಿಸಿದ ಮೇಲೆ ನನಗೆ ಸಿಕ್ಕಿದ್ದು ಕಲ್ಲಿದ್ದಲು ಗಣಿಗಳ ಸ್ಫೋಟ ಅಳೆಯುವ ಕೆಲಸ. ವಾಸಕ್ಕೆ ರೂಮು ಸಿಕ್ಕಿದ್ದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿಯಲ್ಲಿ. ಊರಿನ ಹೆಸರು ಹೇಳಿದಾಗ ಅಪ್ಪಯ್ಯನ ಮುಖ ಅರಳಿತು. “ಭದ್ರಾವತಿಯಾ? ಹಾಗಾದ್ರೆ ವಾರ ವಾರ ಬರಬಹುದು” ಅಂದರು. ಅದು ಬೇರೆ ಭದ್ರಾವತಿ, ಎರಡು ರೈಲು ಬದಲಿಸಬೇಕು ಅಂತ ತಿಳಿಸಿದಾಗ ಅವರು ತೋಟದ ಕಡೆ ಎದ್ದು ಹೋದರು.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಉರಿಯಲು ಶುರುವಾದಾಗ ಅದಕ್ಕೆ ಅದಿರು ಬಂದಿದ್ದು ಕೆಮ್ಮಣ್ಣುಗುಂಡಿಯಿಂದ, ಇಂಧನ ಬಂದಿದ್ದು ಸುತ್ತಲಿನ ಕಾಡಿನಿಂದ. ಮರ ಸುಟ್ಟು ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಕಲ್ಲಿದ್ದಲು ಇಲ್ಲದ್ದಕ್ಕೆ ಮಲೆನಾಡಿನ ಕಾಡು ಕೊಟ್ಟ ಬೆಲೆ ಅದು. ಆಮೇಲೆ ಶರಾವತಿಯ ವಿದ್ಯುತ್ ಬಂತು, ಆ ವಿದ್ಯುತ್ತಿಗೆ ಮುಳುಗಡೆಯವರು ಕೊಟ್ಟ ಬೆಲೆಯನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಕರೆಂಟು ಶರಾವತಿಯದು ಅಂತಲೇ ನಾವು ಬೆಳೆದದ್ದು. ಅದೇ ತಂತಿಯಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಕರೆಂಟೂ ಹರಿಯುತ್ತದೆ, ಅದಕ್ಕೆ ಕಲ್ಲಿದ್ದಲು ಹೊರಗಿನಿಂದಲೇ ಬರಬೇಕು. ಆ ಇನ್ನೊಂದು ಭದ್ರಾವತಿಯ ತಾಲ್ಲೂಕಿನಲ್ಲೇ, ಬರಾಂಜ್ ಅನ್ನುವಲ್ಲಿ, ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾದ ಕಲ್ಲಿದ್ದಲು ಗಣಿ ಇದೆ. ನಾನು ಕೆಲಸ ಮಾಡಿದ್ದು ಅಲ್ಲಲ್ಲ, ವಾರ್ಧಾ ಕಣಿವೆಯ ಬೇರೆ ಗಣಿಗಳಲ್ಲಿ. ಆದರೂ ಆ ಕಡೆಯ ರಸ್ತೆಯಲ್ಲಿ ಹೋಗುವಾಗಲೆಲ್ಲ ಹೊಸನಗರದ ನಮ್ಮ ಅಡುಗೆಮನೆಯ ಬಲ್ಬು ನೆನಪಾಗುತ್ತಿತ್ತು.

ಆಜಿಯ ಅಂಗಳ

ತೆರೆದ ಗಣಿ ಅಂದರೆ ಬಾವಿಯಂಥ ಸುರಂಗ ಅಲ್ಲ. ಕಲ್ಲಿದ್ದಲಿನ ಪದರದ ಮೇಲೆ ಇರುವುದನ್ನೆಲ್ಲ, ಮಣ್ಣು, ಜೇಡಿ, ಮರಳುಗಲ್ಲು, ಎಲ್ಲವನ್ನೂ ಎತ್ತಿ ಪಕ್ಕಕ್ಕೆ ಸುರಿಯುವುದು. ಬಂಡೆ ಬಂದಲ್ಲಿ ಸಾಲಾಗಿ ಕುಳಿ ಕೊರೆಯುತ್ತಾರೆ. ಟ್ಯಾಂಕರಿನಂಥ ಲಾರಿ ಬಂದು ಕುಳಿಗೆ ಬಿಳಿ ಅಂಟಿನಂಥ ಸಿಡಿಮದ್ದು ತುಂಬುತ್ತದೆ. ಮೇಲಿನ ಕೆಲವು ಮೀಟರು ಬಿಟ್ಟು, ಅಲ್ಲಿ ಕೊರೆದ ಪುಡಿಯನ್ನೇ ಗಟ್ಟಿಯಾಗಿ ಜಡಿಯುತ್ತಾರೆ. ಆ ಜಡಿತ ಸಡಿಲಾದರೆ ಬಲವೆಲ್ಲ ಮೇಲಕ್ಕೆ ನುಗ್ಗಿ ಕಲ್ಲು ಹಾರುತ್ತದೆ. ಸ್ಫೋಟದ ಸುತ್ತ 500 ಮೀಟರು ಅಪಾಯದ ವಲಯ, ಅದರೊಳಗೆ ಒಬ್ಬ ಮನುಷ್ಯ ಇರಕೂಡದು. ಸೈರನ್ ಕೂಗುತ್ತದೆ, ಕೆಂಪು ಬಾವುಟ ಹಿಡಿದವರು ದಾರಿಗಳನ್ನು ಕಟ್ಟಿ ನಿಲ್ಲುತ್ತಾರೆ, ಬ್ಲಾಸ್ಟರ್ ತನ್ನ ಹೆಸರು ಬರೆದು ಸಹಿ ಹಾಕುತ್ತಾನೆ. ಮದ್ದಿಗೆ ಕಿಡಿ ಕೊಡುವ ಕೇಪು ಎಷ್ಟು ಮ್ಯಾಗಜಿನ್ನಿನಿಂದ, ಅಂದರೆ ಮದ್ದಿನ ಕೋಠಿಯಿಂದ, ಹೊರಬಂತು, ಎಷ್ಟು ವಾಪಸು ಹೋಯಿತು, ಒಂದೊಂದಕ್ಕೂ ಲೆಕ್ಕ. ಅಷ್ಟು ಜಾಗ್ರತೆಯನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ.

ಎಲ್ಲ ಕುಳಿಗಳೂ ಒಟ್ಟಿಗೆ ಸಿಡಿಯುವುದಿಲ್ಲ. ಒಂದೊಂದಕ್ಕೂ 17, 25, 42 ಮಿಲಿಸೆಕೆಂಡು ಅಂತ ಅಂತರ ಕಟ್ಟಿರುತ್ತಾರೆ. ಜಾತ್ರೆಯಲ್ಲಿ ಮಾಲೆ ಪಟಾಕಿಯ ಮದ್ದನ್ನೆಲ್ಲ ಒಂದೇ ಗುಂಡಿಗೆ ತುರುಕಿ ಹೊಡೆದರೆ ಏನಾದೀತು ಯೋಚಿಸಿ. ಮಾಲೆಯಾಗಿ ಸಿಡಿದರೆ ಸದ್ದು ಉದ್ದವಾಗುತ್ತದೆ, ಪೆಟ್ಟು ಹಗುರಾಗುತ್ತದೆ. ಊರಿಗೆ ತಲುಪುವ ನಡುಕವನ್ನು ತೀರ್ಮಾನಿಸುವುದು ಒಟ್ಟು ಮದ್ದಲ್ಲ, ಒಂದೇ ಕ್ಷಣಕ್ಕೆ ಸಿಡಿಯುವ ಮದ್ದು. ಲೆಕ್ಕ ಮಾಡುವುದು ಹೀಗೆ: ಊರಿನ ದೂರವನ್ನು ಆ ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸಬೇಕು. 800 ಮೀಟರು ದೂರ, ಕ್ಷಣಕ್ಕೆ 400 ಕಿಲೋ ಆದರೆ 40 ಬರುತ್ತದೆ. ಮದ್ದನ್ನು 100 ಕಿಲೋಗೆ ಇಳಿಸಿದರೆ 80. ಅಂದರೆ ಮದ್ದು ನಾಲ್ಕನೇ ಒಂದಾದರೆ ಊರು ಎರಡು ಪಟ್ಟು ದೂರ ಸರಿದಂತೆ. ಊರನ್ನು ಸರಿಸಲಾಗದವರು ಮದ್ದನ್ನು ಸರಿಸಬಹುದು. ಈ ಸರಳ ಗಣಿತ ಗೊತ್ತಾದ ದಿನ ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿತು. ಈಗಲೂ ಅದು ಕಮ್ಮಿಯಾಗಿಲ್ಲ.

ನನ್ನ ಪಾಲಿನ ಕೆಲಸ ಗಣಿಯಲ್ಲಿ ಇರಲಿಲ್ಲ, ಊರಲ್ಲಿತ್ತು. ಸೈರನ್ ಕೂಗುವ ಮುಂಚೆ ಗಣಿಗೆ ಹತ್ತಿರದ ಮನೆಗೆ ಹೋಗಿ ಕಂಪನಮಾಪಕ ಇಡಬೇಕು. ಟಿಫಿನ್ ಕ್ಯಾರಿಯರಿನ ಒಂದು ಡಬ್ಬಿಯಷ್ಟು ದೊಡ್ಡ ಉಪಕರಣ, ಅಡಿಗೆ ಮೂರು ಮೊಳೆ. ಮೊಳೆಗಳನ್ನು ನೆಲಕ್ಕೆ ಪೂರ್ತಿ ಊರಿ, ಮೇಲಿನ ಬಾಣದ ಗುರುತನ್ನು ಗಣಿಯ ಕಡೆ ತಿರುಗಿಸಬೇಕು. ಮೊಳೆ ಸಡಿಲ ಇದ್ದರೆ ಅದು ನೆಲದ ನಡುಕ ತೋರಿಸುವುದಿಲ್ಲ, ತನ್ನದೇ ಕುಣಿತ ತೋರಿಸುತ್ತದೆ. ಪಕ್ಕದಲ್ಲಿ ಕೋಲಿನ ಮೇಲೆ ಗಾಳಿಯ ಒತ್ತಡ ಹಿಡಿಯುವ ಮೈಕು.

2018ರ ಮೇ ತಿಂಗಳಲ್ಲಿ ನಾನು ಹೋದ ಮನೆ ಒಬ್ಬ ಅಜ್ಜಿಯದು. ಅಲ್ಲಿ ಆಜಿ ಅನ್ನುತ್ತಾರೆ. ಮಣ್ಣಿನ ಗೋಡೆ, ತಗಡಿನ ಮಾಡು, ಸಗಣಿ ಸಾರಿಸಿದ ಅಂಗಳ. ಆ ಅಂಗಳದ ಅಂಚಿನಲ್ಲಿ ಮೊಳೆ ಊರಲು ನೋಡಿದೆ, ಬಿಸಿಲಿಗೆ ಕಲ್ಲಾಗಿದ್ದ ಕಪ್ಪು ಮಣ್ಣಿಗೆ ಇಳಿಯಲಿಲ್ಲ. ಆಜಿ ಒಳಗೆ ಹೋಗಿ ಒಂದು ಕುರ್ಪಿ ಮತ್ತು ಅರ್ಧ ಚೊಂಬು ನೀರು ತಂದರು. ನೀರು ಹನಿಸಿ, ಕುರ್ಪಿಯಲ್ಲಿ ಅಂಗೈಯಗಲ ಕೆದಕಿ, “ಈಗ ಹಾಕು ಪೋರಿ” ಅಂದರು. ಮೊಳೆ ಇಳಿದ ಮೇಲೆ ಸುತ್ತಲಿನ ಮಣ್ಣನ್ನು ತಾವೇ ಹೆಬ್ಬೆರಳಿನಿಂದ ಒತ್ತಿದರು, ಸಸಿ ನೆಟ್ಟ ಮೇಲೆ ಬುಡ ಒತ್ತುತ್ತಾರಲ್ಲ ಹಾಗೆ. ಅವರ ಉಗುರಿನ ಸಂದಿನ ಕಪ್ಪು ಮಣ್ಣು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಸೈರನ್ ಕೂಗಿತು. ದೂರದಲ್ಲಿ ಬಂಡೆಯ ಸಾಲೊಂದು ನಿಧಾನವಾಗಿ ಉಬ್ಬಿ ಕೂತಿತು, ಧೂಳು ಎದ್ದಿತು, ತಗಡು ಗಡಗಡ ಎಂದಿತು. ನಾನು ಪರದೆ ನೋಡಿದೆ: ನೆಲ ಅಲುಗಿದ ವೇಗ ಸೆಕೆಂಡಿಗೆ 3.4 ಮಿಲಿಮೀಟರ್, ಆವರ್ತನ 7 ಹರ್ಟ್ಸ್, ಅಂದರೆ ಸೆಕೆಂಡಿಗೆ ಏಳು ಸಲದ ಅಲುಗಾಟ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ ಗಣಿಯವರದಲ್ಲದ ಇಂಥ ಮನೆಗಳಿಗೆ, ಆವರ್ತನ 8 ಹರ್ಟ್ಸಿಗಿಂತ ಕಡಿಮೆ ಇದ್ದಾಗ, 5 ಮಿಲಿಮೀಟರ್ ಮಿತಿ. 8ರಿಂದ 25 ಹರ್ಟ್ಸಿಗೆ 10, ಅದಕ್ಕೂ ಮೇಲೆ 15. ನಿಧಾನದ ಅಲುಗಾಟಕ್ಕೆ ಬಿಗಿ ಮಿತಿ ಯಾಕೆಂದರೆ ಮನೆಗಳು ತಾವೇ ತೂಗುವ ಲಯವೂ ಆ ಆಸುಪಾಸಿನಲ್ಲೇ ಇರುತ್ತದೆ. ತೊಟ್ಟಿಲು ತೂಗುವ ಕೈ ತೊಟ್ಟಿಲ ಲಯಕ್ಕೇ ಸೇರಿದರೆ ಸಣ್ಣ ತಳ್ಳಿಗೂ ದೊಡ್ಡ ತೂಗು. ಇರಲಿ, 3.4 ಅಂದರೆ ಮಿತಿಯೊಳಗೆ. ನಾನು ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ.

ಆಜಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ದೇವರ ಗೂಡಿನ ಪಕ್ಕ, ಮೊಳದುದ್ದದ ಬಿರುಕು, ಕಿರುಬೆರಳ ತುದಿ ಹೋಗುವಷ್ಟು ಅಗಲ. ಇದು ನಿಮ್ಮಿಂದ ಆಗಿದ್ದು ಅಂದರು. ನನಗೆ ಕಲಿಸಿದ ಉತ್ತರ ನನ್ನ ಬಾಯಲ್ಲಿತ್ತು: ಕಪ್ಪು ಮಣ್ಣು ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಅದರ ಮೇಲೆ ಕಟ್ಟಿದ ಮನೆ ಗಣಿ ಇಲ್ಲದಿದ್ದರೂ ಬಿರಿಯುತ್ತದೆ. ಅದು ನಿಜ. ಆದರೆ ಈ ಬಿರುಕು ಯಾವುದರದು? ಗಣಿ ಬರುವ ಮೊದಲು ಇತ್ತೇ ಅಂತ ನಾನು ಕೇಳಿದೆ. ಆಜಿ ನನ್ನನ್ನೇ ನೋಡಿದರು. “ಮೊದಲು ಯಾರು ಬಂದು ನೋಡಿದ್ದರು ಪೋರಿ?”

ಯಾರೂ ನೋಡಿರಲಿಲ್ಲ. ಆ ಊರಿನ ಒಂದು ಗೋಡೆಯ ಫೋಟೋ ಕೂಡ ಮೊದಲ ಕುಳಿ ಕೊರೆಯುವ ಮುಂಚೆ ತೆಗೆದಿರಲಿಲ್ಲ. ಅಮೆರಿಕದಲ್ಲಿ 1977ರಲ್ಲಿ ತೆರೆದ ಕಲ್ಲಿದ್ದಲು ಗಣಿಗಳಿಗೆಂದೇ ಬಂದ ಕಾನೂನಿನಲ್ಲಿ, ಗಣಿಯ ಅರ್ಧ ಮೈಲಿಯೊಳಗಿನ ಮನೆಯವರು ಕೇಳಿದರೆ ಸ್ಫೋಟಕ್ಕೆ ಮುಂಚೆಯೇ ಮನೆಯ ಸ್ಥಿತಿ ದಾಖಲಿಸಿ ಕೊಡಬೇಕು ಅಂತ ಇದೆ. ಅದನ್ನು ನಾನು ಓದಿದ್ದು ಆ ರಾತ್ರಿ, ರೂಮಿನಲ್ಲಿ ಫ್ಯಾನಿನ ಕೆಳಗೆ ಕೂತು. ನಮ್ಮ ಹತ್ತಿರ ಮಿಲಿಸೆಕೆಂಡಿನ ದಾಖಲೆ ಇತ್ತು, ಸ್ಫೋಟದ ಆ ಮುಕ್ಕಾಲು ಸೆಕೆಂಡಿನ ಮೂರು ದಿಕ್ಕಿನ ಅಲೆಗಳೂ ಇದ್ದವು. ಅದರ ಹಿಂದಿನ ಐವತ್ತು ವರ್ಷದ ಗೋಡೆಯ ದಾಖಲೆ ಇರಲಿಲ್ಲ. ಹಾಗಾಗಿ ನನ್ನ 3.4 ಆಜಿಗೆ ಯಾವ ಉತ್ತರವನ್ನೂ ಕೊಡಲಿಲ್ಲ. ಅವರ ಪರವಾಗಿಯೂ ಇಲ್ಲ, ಗಣಿಯ ಪರವಾಗಿಯೂ ಇಲ್ಲ.

ಗುಂಡಿ ತೆಗೆಯುವ ಕ್ರಮ

ಅಪ್ಪಯ್ಯ ಅಡಿಕೆ ಸಸಿಗೆ ಗುಂಡಿ ತೆಗೆಯುವುದನ್ನು ನೋಡುತ್ತ ಬೆಳೆದವಳು ನಾನು. ಮೇಲಿನ ಒಂದು ಗೇಣು ಮಣ್ಣು ಗುಂಡಿಯ ಬಲಗಡೆ. ಅದರ ಕೆಳಗಿನ ಕೆಂಪು ಮಣ್ಣು ಎಡಗಡೆ. ಎರಡೂ ಬೆರೆತರೆ ಆಳಿಗೆ ಬೈಗುಳ ಬೀಳುತ್ತಿತ್ತು, ನನಗೂ ಬಿದ್ದಿದೆ. ಸಸಿ ಇಟ್ಟಾಗ ಬೇರಿನ ಸುತ್ತ ಬರಬೇಕಾದ್ದು ಬಲಗಡೆಯ ಮಣ್ಣು, ಗೊಬ್ಬರದ ಜೊತೆ. ಎಡಗಡೆಯದು ಅಂಚಿಗೆ. “ಮೇಲಿಂದು ಅಜ್ಜನ ಕಾಲದ್ದು, ಕೆಳಗಿಂದು ಯಾರ ಕಾಲದ್ದೂ ಅಲ್ಲ” ಅನ್ನುತ್ತಿದ್ದರು. ಎಲೆ ಉದುರಿ, ಕೊಳೆತು, ಎರೆಹುಳು ತಿಂದು ಬಿಟ್ಟು, ಬೇರು ಸತ್ತು ಆದ ಮಣ್ಣು ಅದು. ಒಂದು ಇಂಚು ಕೂಡಿಬರಲು ನೂರಾರು ವರ್ಷ ಬೇಕು.

ಕಲ್ಲಿದ್ದಲು ಗಣಿಯ ನಿಯಮವೂ ಅಪ್ಪಯ್ಯನ ನಿಯಮವೇ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು, ಬೇರೆಯಾಗಿ ರಾಶಿ ಹಾಕಿ, ಹೊಂಡ ಮುಚ್ಚಿದ ಮೇಲೆ ಅದನ್ನೇ ಮೇಲೆ ಹರಡಬೇಕು. ರಾಶಿ ಬಹಳ ಎತ್ತರ ಇರಬಾರದು. ಎತ್ತರವಾದರೆ ಒಳಗಿನ ಮಣ್ಣಿಗೆ ಗಾಳಿ ಹೋಗುವುದಿಲ್ಲ, ಬೇರಿಗೆ ಜೊತೆಯಾಗುವ ಶಿಲೀಂಧ್ರ ಸಾಯುತ್ತದೆ, ಬೀಜ ಸಾಯುತ್ತದೆ. ಬಹಳ ವರ್ಷ ಬಿಡಲೂಬಾರದು. ಮೇಲೆ ಹುಲ್ಲು, ದ್ವಿದಳದ ಬಳ್ಳಿ ಬೆಳೆಸಿ ಜೀವ ಉಳಿಸಬೇಕು. ಬಂಡೆ ಒಮ್ಮೆ ಒಡೆದರೆ ಮೊದಲಿನ ಜಾಗದಲ್ಲಿ ಹಿಡಿಸುವುದಿಲ್ಲ, ಕಾಲು ಭಾಗದಷ್ಟು ಉಬ್ಬುತ್ತದೆ. ಹಾಗಾಗಿ ಶುರುವಿನಲ್ಲಿ ತೆಗೆದದ್ದು ಹೊರಗೆ ಗುಡ್ಡವಾಗುತ್ತದೆ, ಕೊನೆಯಲ್ಲಿ ಕಲ್ಲಿದ್ದಲು ಹೋದ ಜಾಗ ಹೊಂಡವಾಗಿ ನೀರು ತುಂಬಿಕೊಳ್ಳುತ್ತದೆ. ಹೊಲ ಇದ್ದ ಕಡೆ ಒಂದು ಗುಡ್ಡ ಮತ್ತು ಒಂದು ಕೆರೆ. ಗುಡ್ಡದ ಒಟ್ಟು ಇಳಿಜಾರು 28 ಡಿಗ್ರಿ ದಾಟದಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಾರೆ, ಇಲ್ಲದಿದ್ದರೆ ಮಳೆಗಾಲದಲ್ಲಿ ಧರೆ ಕುಸಿದಂತೆ ಕುಸಿಯುತ್ತದೆ. ಅದರ ಮೇಲೆ ಮೇಲ್ಮಣ್ಣು ಇದ್ದರೆ ಹುಲ್ಲು ಹಿಡಿಯುತ್ತದೆ. ಇಲ್ಲದಿದ್ದರೆ ಅದು ಪುಡಿ ಮಾಡಿದ ಕಲ್ಲು ಅಷ್ಟೇ.

ನಾನಿದ್ದ ಒಂದು ಗಣಿಯಲ್ಲಿ ಪೂರ್ವದ ಗಡಿಗೆ ಮೇಲ್ಮಣ್ಣಿನ ರಾಶಿ ಇತ್ತು. ಬೋರ್ಡು ಇತ್ತು, ಸುತ್ತ ಚರಂಡಿ ಇತ್ತು. ಮೊದಲ ಮಳೆಗೆ ಯಾರೂ ಬಿತ್ತದೆ ತೊಗರಿ ಗಿಡ ಎದ್ದವು, ಯಾವುದೋ ಹೊಲದ ಕೊನೆಯ ಬೆಳೆಯ ಕಾಳುಗಳು. ಸ್ಫೋಟ ಅಳೆಯುವುದರ ಜೊತೆಗೆ ಆರು ತಿಂಗಳಿಗೊಮ್ಮೆ ಹೋಗುವ ಪರಿಸರ ವರದಿಯ ಅಂಕಿ ತುಂಬಿಸುವುದೂ ನನ್ನ ಕೆಲಸವೇ ಆಗಿತ್ತು. ಜೂನಿನ ವರದಿಯಲ್ಲಿ “ಮೇಲ್ಮಣ್ಣು ಪ್ರತ್ಯೇಕವಾಗಿ ಸಂಗ್ರಹಿಸಿದೆ” ಅಂತ ಬರೆದೆ. ಅದು ಸತ್ಯ. ಅಕ್ಟೋಬರಿನಲ್ಲಿ ಕೆಲಸದ ನಕ್ಷೆ ಬದಲಾಯಿತು, ಆ ಜಾಗಕ್ಕೆ ಕಲ್ಲುಮಣ್ಣಿನ ಡಂಪು ಬರಬೇಕಾಯಿತು. ಒಂದು ವಾರದ ರಜೆ ಮುಗಿಸಿ ಊರಿಂದ ವಾಪಸು ಹೋದೆ. ಬೋರ್ಡು ಕಾಣಲಿಲ್ಲ. ಬೂದು ಬಣ್ಣದ ಮರಳುಗಲ್ಲಿನ ಚೂರುಗಳ ಇಳಿಜಾರಿನ ಬುಡದಲ್ಲಿ, ಒಂದು ಮಾರಿನಷ್ಟು ಜಾಗದಲ್ಲಿ ಮಾತ್ರ, ಕಪ್ಪು ಮಣ್ಣು ಇಣುಕುತ್ತಿತ್ತು. ಅದರಲ್ಲಿ ಒಂದು ತೊಗರಿ ಗಿಡ ನೆಲಕ್ಕೆ ಮಲಗಿತ್ತು. ಮೇಲೆ ಡಂಪರು ಹಿಂದಕ್ಕೆ ಬರುವಾಗಿನ ಪೀಂ ಪೀಂ ಸದ್ದು. ನಾನು ನಿಂತು ನೋಡುತ್ತಿದ್ದಂತೆ ಇನ್ನೊಂದು ಲೋಡು ಇಳಿಯಿತು.

ಮೇಲಿನವರ ಹತ್ತಿರ ಹೋದೆ. “ಮಣ್ಣು ಎಲ್ಲಿ ಹೋಯಿತು, ಅಲ್ಲೇ ಕೆಳಗಿದೆಯಲ್ಲ” ಅಂದರು. ಗದರಿಸಲಿಲ್ಲ, ಟೀ ತರಿಸಿದರು. ಡಿಸೆಂಬರಿನ ವರದಿಯಲ್ಲಿ ಜೂನಿನ ಸಾಲೇ ಇತ್ತು. ನಾನು ಸಹಿ ಹಾಕಿದೆ. ಇದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಆವತ್ತು ನನಗೆ ಇಪ್ಪತ್ತೇಳು ವರ್ಷ, ಮನೆಗೆ ದುಡ್ಡು ಕಳಿಸಬೇಕಿತ್ತು, ಇವೆಲ್ಲ ನಿಜ. ಸಹಿ ನನ್ನದು ಅನ್ನುವುದೂ ನಿಜ.

ಆಮೇಲೆ ಯೋಚಿಸಿದಷ್ಟೂ ನನ್ನನ್ನು ಕಾಡಿದ್ದು ಇದು: ಅದೇ ಗಣಿಯಲ್ಲಿ ಒಂದು ಕೇಪು ಲೆಕ್ಕ ತಪ್ಪಿದ್ದರೆ ಆ ಶಿಫ್ಟಿನ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಸಾವಿರಾರು ಲೋಡು ಮೇಲ್ಮಣ್ಣು ಹೂತುಹೋದಾಗ ಒಂದು ಫೋನು ಕೂಡ ಬರಲಿಲ್ಲ. ಸ್ಫೋಟ ತಪ್ಪಿದರೆ ಅದೇ ಕ್ಷಣ ಗೊತ್ತಾಗುತ್ತದೆ, ಯಾರ ಕೈಯಲ್ಲಿ ತಪ್ಪಿತು ಅಂತಲೂ ಗೊತ್ತಾಗುತ್ತದೆ. ಮಣ್ಣು ತಪ್ಪಿದ್ದು ಗೊತ್ತಾಗುವುದು ಇಪ್ಪತ್ತು ವರ್ಷದ ಮೇಲೆ, ಹುಲ್ಲು ಬರದಾಗ. ಅಷ್ಟರಲ್ಲಿ ಸಹಿ ಹಾಕಿದವರೆಲ್ಲ ಬೇರೆ ಬೇರೆ ಊರು ಸೇರಿರುತ್ತಾರೆ. ನಾನೂ ಸೇರಿದ್ದೇನೆ.

ಕಾಗದದಲ್ಲಿ ವ್ಯವಸ್ಥೆ ಇಲ್ಲ ಅಂತಲ್ಲ. 2009ರಿಂದ ಬಂದ ಮಾರ್ಗಸೂಚಿಗಳ ಪ್ರಕಾರ ಪ್ರತಿ ಕಲ್ಲಿದ್ದಲು ಗಣಿಯೂ ಮುಚ್ಚುವ ಯೋಜನೆ ಮೊದಲೇ ಕೊಡಬೇಕು, ಅದಕ್ಕಾಗಿ ಎಸ್ಕ್ರೋ ಖಾತೆಯಲ್ಲಿ, ಅಂದರೆ ಆ ಕೆಲಸಕ್ಕೆಂದೇ ಮೀಸಲಿಟ್ಟ ಖಾತೆಯಲ್ಲಿ, ದುಡ್ಡು ಇಡುತ್ತ ಹೋಗಬೇಕು. ಆಗ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ, ನೆಲದಡಿಯ ಗಣಿಗೆ 1 ಲಕ್ಷ ಅಂತ ಗೊತ್ತುಮಾಡಿದ್ದರು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವಿಗೆ ಯೋಗ್ಯವಾಗಿಸಬೇಕು ಅನ್ನುವ ಷರತ್ತು ಹಾಕುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಮರ ಅನ್ನಲಿಲ್ಲ, ಹುಲ್ಲು ಅಂದಿತು. ಆ ಸುದ್ದಿ ಓದಿದ ದಿನ ನನಗೆ ಆಜಿಯ ಎರಡು ಆಕಳು ನೆನಪಾದವು. ಡಂಪುಗಳ ಮೇಲೆ ಸಾಮಾನ್ಯವಾಗಿ ನೆಡುವುದು ಸುಬಾಬುಲ್, ಅಕೇಶಿಯಾದಂಥ ಬೇಗ ಬೆಳೆಯುವ ಮರ. ಮೂರು ವರ್ಷಕ್ಕೆ ಫೋಟೋದಲ್ಲಿ ಹಸಿರು ತುಂಬುತ್ತದೆ. ಮಲೆನಾಡಿನವರಿಗೆ ಅಕೇಶಿಯಾ ನೆಡುತೋಪಿನೊಳಗೆ ನಡೆದು ಗೊತ್ತು: ಕಾಲಡಿ ದರಗು, ದನ ಬಾಯಿ ಹಾಕುವಂಥದ್ದು ಏನೂ ಇರುವುದಿಲ್ಲ. ದನ ಮೇಯುತ್ತಿದ್ದ ನಮ್ಮ ಬ್ಯಾಣಗಳು ಹಾಗೆ ಹೋದದ್ದನ್ನು ನಾವೇ ನೋಡಿದ್ದೇವೆ. ಆ ಅಮೆರಿಕದ ಕಾನೂನಿನಲ್ಲಿ ಇನ್ನೊಂದು ಮಾತಿದೆ, ನನಗೆ ಅದು ಬಹಳ ಹಿಡಿಸಿತು. ಕೊನೆಯ ಸಲ ಬಿತ್ತಿದ ಮೇಲೆ ಐದು ವರ್ಷ, ಮಳೆ ಕಮ್ಮಿ ಇರುವ ಸೀಮೆಯಲ್ಲಿ ಹತ್ತು ವರ್ಷ, ಆ ಗಿಡಗಳ ಹೊಣೆ ಗಣಿಯವರದೇ. ಮತ್ತೆ ಬಿತ್ತಬೇಕಾಗಿ ಬಂದರೆ ಎಣಿಕೆ ಮತ್ತೆ ಒಂದರಿಂದ. ಅಲ್ಲಿ ಎಲ್ಲವೂ ಸರಿಯಾಗಿ ನಡೆದಿದೆ ಅನ್ನುವ ಭ್ರಮೆ ನನಗಿಲ್ಲ. ಆದರೆ ಮಣ್ಣಿನ ವೇಗಕ್ಕೆ ಕಾಯುವ ಒಂದು ಸಾಲು ಕಾನೂನಿನಲ್ಲಿ ಬರೆದಿದ್ದಾರಲ್ಲ, ಅದು ದೊಡ್ಡದು.

ಗುಡ್ಡದ ಲೆಕ್ಕ

2021ರ ಜನವರಿ 21ರ ರಾತ್ರಿ ನಾನಿನ್ನೂ ಚಂದ್ರಪುರದ ಕಡೆಯೇ ಇದ್ದೆ. ಶಿವಮೊಗ್ಗದ ಗೆಳತಿ ಫೋನು ಮಾಡಿ ಭೂಕಂಪ ಆಯ್ತು ಕಣೇ ಅಂತ ನಡುಗುವ ದನಿಯಲ್ಲಿ ಹೇಳಿದಳು. ಅದು ಭೂಕಂಪವಲ್ಲ, ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಕಲ್ಲು ಕ್ವಾರಿಗೆ ತಂದ ಸಿಡಿಮದ್ದು ಸಿಡಿದದ್ದು ಅಂತ ಬೆಳಗಾದ ಮೇಲೆ ಗೊತ್ತಾಯಿತು. ಆ ರಾತ್ರಿ ಜಿಲ್ಲೆಯ ಗಡಿ ದಾಟಿ ಕಿಟಕಿಗಳು ನಡುಗಿದ್ದನ್ನು ಇದನ್ನು ಓದುವ ಹಲವರು ಸ್ವತಃ ಅನುಭವಿಸಿರುತ್ತೀರಿ, ನಾನು ಬಿಡಿಸಿ ಹೇಳಬೇಕಾಗಿಲ್ಲ. ಸತ್ತವರು ಕೂಲಿಗೆ ಬಂದ ಬಡವರು. ಕೇಪು ಕೇಪಿಗೂ ಲೆಕ್ಕ ಇಡುವ ಕಡೆ ಕೂತಿದ್ದ ನನಗೆ ಆ ಫೋಟೋಗಳನ್ನು ನೋಡಲಾಗಲಿಲ್ಲ. ಗಣಿಯಲ್ಲಿ ಕಂಡ ಆ ಶಿಸ್ತು ನಮ್ಮ ಕಲ್ಲು ಕ್ವಾರಿಗಳಿಗೆ ಬರಲಿ ಅನ್ನುವುದು ನನ್ನ ಮನಸ್ಸಿನ ಮಾತು. ನಡುಕದ ಮಿತಿ ಕಲ್ಲಿದ್ದಲಿಗೆ ಎಷ್ಟೋ ಕಲ್ಲಿಗೂ ಅಷ್ಟೇ, ಗೋಡೆಗೆ ಏನು ವ್ಯತ್ಯಾಸ?

ಆದರೆ ಮಾಪಕ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ಆಜಿಯ ಊರಿನಲ್ಲಿ ಯಾರೂ ಮಾಡದೇ ಇದ್ದದ್ದು. ಅಮ್ಮ “ಯಾರು ನೋಡಿದ್ದಾರೆ” ಅಂದ ಮರುದಿನ ಬೆಳಿಗ್ಗೆ ನಾನು ಪೆನ್ಸಿಲು, ಶಾಲೆ ಮಕ್ಕಳ ಸ್ಕೇಲು, ಫೋನು ಹಿಡಿದು ನಮ್ಮ ಮನೆಯಿಂದಲೇ ಶುರುಮಾಡಿದೆ. ಬಿರುಕಿನ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅಡ್ಡ ಒಂದು ಗೆರೆ, ಪಕ್ಕದಲ್ಲಿ ತಾರೀಖು. ಸ್ಕೇಲು ಹಿಡಿದು ಫೋಟೋ. ಬಿರುಕು ಗೆರೆ ದಾಟಿದರೆ ಬೆಳೆಯಿತು ಅಂತ ಅರ್ಥ, ಅದಕ್ಕೆ ಯಾವ ಇಂಜಿನಿಯರೂ ಬೇಡ. ಬಿರುಕಿಲ್ಲದ ಗೋಡೆಯ ಫೋಟೋವನ್ನೂ ತೆಗೆದೆ, ನಾಳೆ ಬೇಕಾಗುವುದು ಮುಖ್ಯವಾಗಿ ಅದೇ. ಹನ್ನೊಂದು ಮನೆ ಆಯಿತು. ಮೂರು ಮನೆಯವರು ಸುಣ್ಣ ಹೊಡೆದ ಗೋಡೆ ಮೇಲೆ ಗೀಚಬೇಡ ಅಂದರು, ಅಲ್ಲಿ ಫೋಟೋ ಮಾತ್ರ. ಕ್ವಾರಿಯ ಮೇಲೆ ದೂರು ಕೊಡಲು ಅಂತ ಯಾರೂ ತಿಳಿಯಬಾರದು, ಅಲ್ಲಿ ಕೆಲಸಕ್ಕೆ ಹೋಗುವ ಹುಡುಗರ ಮನೆಯೂ ಆ ಹನ್ನೊಂದರಲ್ಲಿದೆ. ಅವರ ತಾಯಿಯೇ ಸ್ಕೇಲು ಹಿಡಿದುಕೊಂಡರು.

ಗೋಡೆ ಮುಗಿದ ಮೇಲೆ ಗುಡ್ಡ. ಕ್ವಾರಿ ಈಗ ಗುಡ್ಡದ ಆಚೆ ಮಗ್ಗುಲಿನಲ್ಲಿದೆ, ಈಚೆ ಮಗ್ಗುಲು ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟ. ಈಚೆಗೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ, ಮುಗಿದ ಮೇಲೆ ಮೊದಲಿನಂತೆ ಮಾಡಿಕೊಡಿ ಅಂತ ಕೇಳಲು, ಮೊದಲು ಏನಿತ್ತು ಅಂತ ಯಾರಾದರೂ ಬರೆದಿರಬೇಕಲ್ಲ. ನನಗೆ ಗಿಡದ ಹೆಸರು ಅರ್ಧ ಗೊತ್ತು. ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಎಪ್ಪತ್ತಾರು ವರ್ಷ, ಕೈಯಲ್ಲೊಂದು ಕೋಲು, ನನಗಿಂತ ಮುಂದೆ ನಡೆದರು. ಮುರುಗಲು, ಉಪ್ಪಾಗೆ, ವಾಟೆ, ನೇರಳೆ, ಅಂಟುವಾಳ. ಮುಟ್ಟಿ ಮುಟ್ಟಿ ಹೇಳಿದರು, ನಾನು ಮರ ಎಷ್ಟು ಅಂತ ಗೀಟು ಹಾಕುತ್ತ ಬಂದೆ. ಕರಡದ ಹುಲ್ಲು ಎಲ್ಲಿಂದ ಎಲ್ಲಿವರೆಗೆ, ಯಾವ ಬಂಡೆಯ ಬುಡದಲ್ಲಿ ಜೇನು. ಒಂದು ಕಡೆ ಅಂಗೈಯಲ್ಲಿ ಮಣ್ಣು ತೆಗೆದು ಹಿಸುಕಿ ನನ್ನ ಮುಖಕ್ಕೆ ಹಿಡಿದರು, ಮೂಸು ಅಂತ. ಕೆಳಗೆ ಕೆಂಪು ಕಾಣುವವರೆಗೆ ಕೋಲಿನಿಂದ ಕೆದಕಿ ಸ್ಕೇಲು ಇಟ್ಟೆ: 22 ಸೆಂಟಿಮೀಟರ್. ಬರೆದುಕೊಂಡೆ.

ಕೊನೆಗೆ ಅಬ್ಬಿ. ಬೆಟ್ಟದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ನೀರು, ನಾಲ್ಕು ಮನೆಗೆ ಅದೇ. ದಬ್ಬೆಯ ಬಾಯಿಗೆ ದೊಡ್ಡಮ್ಮ ಕೊಡ ಹಿಡಿದರು, ನಾನು ಫೋನಿನಲ್ಲಿ ಸಮಯ ಹಿಡಿದೆ. ತುಂಬಲು 52 ಸೆಕೆಂಡು. ತಾರೀಖು ಹಾಕಿ ಬರೆಯುತ್ತಿದ್ದಂತೆ ದೊಡ್ಡಮ್ಮ ತಲೆಯಾಡಿಸಿದರು.

“ಇದು ಸಣ್ಣ ಕೊಡ ಮಗಾ. ನಾನು ಮದುವೆಯಾಗಿ ಬಂದಾಗ ಇದ್ದಿದ್ದು ತಾಮ್ರದ್ದು, ದೊಡ್ಡದು. ಅದು ತುಂಬೋದ್ರೊಳಗೆ ಒಂದು ಹಾಡು ಮುಗೀತಿತ್ತು.”

ಯಾವ ಹಾಡು ಅಂತ ಕೇಳಿದೆ, ನೆನಪಾಗಲಿಲ್ಲ. ನಾನು ಬ್ಯಾಗಿನಿಂದ ಒಂದು ಲೀಟರಿನ ನೀರಿನ ಬಾಟಲಿ ತೆಗೆದೆ. ಅಬ್ಬಿಯ ಕಲ್ಲಿನ ಮೇಲೆ ಕೂತು, ದೊಡ್ಡಮ್ಮ ಕೊಡ ಬಗ್ಗಿಸಿ ಬಾಟಲಿಗೆ ಹೊಯ್ದರು, ನಾನು ಎಣಿಸಿದೆ. ಹನ್ನೊಂದು ಬಾಟಲಿ, ಮೇಲೆ ಅರ್ಧ. ಅದನ್ನೂ 52ರ ಪಕ್ಕ ಬರೆದೆ.